ಸಾರಥಿಯಿಲ್ಲದ ರಥ

ನಮ್ಮ ಸಂಘದ ವಾಚನಾಲಯದಲ್ಲಿ ಸಂಜೆಯ ಹೊತ್ತು ನಾಲ್ಕಾರು ಮಂದಿ ವಯಸ್ಸಾದವರು ಸೇರಿ ಲೋಕಾಭಿರಾಮವಾಗಿ ಮಾತನಾಡುವ ವಾಡಿಕೆಯು ವಾಚಕರಲ್ಲಿ ಹಲವರಿಗೆ ತಿಳಿದೇ ಇದೆ. ಕೆಲವು ದಿನಗಳ ಹಿಂದೆ ಅಲ್ಲಿಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಬಂದಿದ್ದನು. ಅಮೆರಿಕಾ ದೇಶದಲ್ಲಿ ಬಹುಕಾಲದಿಂದ ಉದ್ಯೋಗದಲ್ಲಿರುವ ಆತನು ಮಾತಿನ ನಡುವೆ ಒಂದು ವೃತ್ತಾಂತವನ್ನು ಹೇಳಿದನು. ಆ ದೇಶದಲ್ಲಿ, ಮಕ್ಕಳೊಂದಿಗರಾದ ಗೃಹಸ್ಥರು, ಹಳೆಯದೊಂದು ದೂರದರ್ಶನ ಕಥೆಯ ಪಾತ್ರದ ಎಂಟಂಗುಲದ ಗೊಂಬೆಯು ಯಾವಾಗ ಬಂದೀತೆಂದು ಮೂವತ್ತು ವರ್ಷಗಳಿಗೂ ಮೀರಿ ಹಾರೈಸಿಕೊಂಡಿದ್ದರಂತೆ. ಕೇಳಿದವರೆಲ್ಲರೂ ನಕ್ಕರು. "ಶಾಸ್ತ್ರಿಗಳೇ, ತಲೆ ನರೆತ ಮೇಲೆ ಗೊಂಬೆಯಾಟವೇ? ಹೊಟ್ಟೆ ತುಂಬಿದವರಿಗೆ ಬೇರೆ ಕೆಲಸವಿಲ್ಲವೆಂದು ಕಾಣುತ್ತದೆ" ಎಂದು ಮಿತ್ರರೊಬ್ಬರು ನುಡಿದರು. ಸುಳ್ಳೇಕೆ ಹೇಳಲಿ, ನಾನೂ ನಕ್ಕೆನು.

ಮನೆಗೆ ಬಂದ ಮೇಲೆ ಆ ನಗೆಯು ನನ್ನನ್ನು ಬಾಧಿಸಿತು. ಮರುದಿನ ಆ ಶಿಷ್ಯನನ್ನು ಮನೆಗೆ ಕರೆಸಿ, ವಿಷಯವನ್ನು ಆದಿಯಿಂದ ಅಂತ್ಯದವರೆಗೆ ಕೇಳಿ ತಿಳಿದುಕೊಂಡೆನು. ತಿಳಿದ ಮೇಲೆ, ನಮ್ಮ ನಗೆಯು ಅವಿಚಾರದಿಂದ ಹುಟ್ಟಿದುದೆಂದೂ, ಆ ಗೃಹಸ್ಥರ ಹಾರೈಕೆಯು ನ್ಯಾಯವಾದುದೆಂದೂ ನನಗೆ ನಿಶ್ಚಯವಾಯಿತು. ಅದನ್ನು ಸ್ಥಾಪಿಸುವುದೇ ಈ ಲೇಖನದ ಉದ್ದೇಶ. ಪೂರ್ವಪಕ್ಷವನ್ನು ಮುಚ್ಚಿಡದೆ ಮುಂದಿಟ್ಟೇ ಉತ್ತರ ಹೇಳುವೆನು.

ಮೊದಲು ವಸ್ತುಸ್ಥಿತಿಯನ್ನು ಅರಿಯತಕ್ಕದ್ದು. 1966ನೆಯ ಇಸವಿಯ ಸೆಪ್ಟೆಂಬರ್ 8ರಂದು ಅಮೆರಿಕಾದ ಎನ್‌ಬಿಸಿ ಸಂಸ್ಥೆಯವರು 'ಸ್ಟಾರ್ ಟ್ರೆಕ್' ಎಂಬ ಕಥಾಮಾಲಿಕೆಯನ್ನು ದೂರದರ್ಶನದಲ್ಲಿ ಆರಂಭಿಸಿದರು. ಜೀನ್ ರಾಡೆನ್‌ಬರಿ ಎಂಬಾತನು ಅದರ ಕಲ್ಪಕನು. ಮುಂದಣ ಶತಮಾನಗಳಲ್ಲಿ ಎಂಟರ್‌ಪ್ರೈಸ್ ಎಂಬ ಆಕಾಶನೌಕೆಯಲ್ಲಿ ಕುಳಿತು ನಕ್ಷತ್ರಲೋಕಗಳನ್ನು ಸಂಚರಿಸುವ ಒಂದು ಪರಿವಾರದ ಕಥೆಯಿದು. ಕರ್ಕನು ನಾಯಕನು, ಅನ್ಯಲೋಕದ ರಕ್ತವುಳ್ಳ ಸ್ಪಾಕನು ಮಂತ್ರಿಪ್ರಾಯನು, ಮೆಕಾಯ್ ವೈದ್ಯನು, ಸ್ಕಾಟಿ ಯಂತ್ರಶಿಲ್ಪಿ, ಆಫ್ರಿಕಾದ ಉಹುರಾ ಎಂಬಾಕೆಯು ವಾರ್ತೆಗಳನ್ನು ಕಳುಹಿಸಿ ಬರಮಾಡಿಕೊಳ್ಳುವ ಅಧಿಕಾರಿಣಿ. ನಾಯಕನ ಆಸನದ ಮುಂದೆ, ನೌಕೆಯನ್ನು ನಡೆಸುವ ಮಣೆಯ ಬಳಿ, ಇಬ್ಬರು ಕುಳಿತಿರುವರು. ಒಬ್ಬನು ಸುಲು, ಏಷ್ಯಾ ಖಂಡದ ಮೂಲದವನು, ನೌಕೆಯ ಕರ್ಣಧಾರ. ಮತ್ತೊಬ್ಬನು 1967ರಲ್ಲಿ ಎರಡನೆಯ ವರ್ಷದ ಕಥೆಗಳಲ್ಲಿ ಬಂದು ಸೇರಿದ ಚೆಕೋವ್, ರಷ್ಯಾದವನು, ದಿಕ್ಕನ್ನು ಗಣಿಸುವವನು. 79 ಕಥೆಗಳಾದ ಮೇಲೆ 1969ರಲ್ಲಿ ಸಂಸ್ಥೆಯವರು ಅದನ್ನು ನಿಲ್ಲಿಸಿದರು. ಆದರೆ ಊರೂರಿನ ಚಿಕ್ಕ ನಿಲಯಗಳು ಅದನ್ನೇ ಮತ್ತೆ ಮತ್ತೆ ತೋರಿಸಿದುದರಿಂದ, ನಿಂತುಹೋದ ಕಥೆಯು ನಡೆಯುತ್ತಿದ್ದಾಗಿನದಕ್ಕಿಂತ ಹೆಚ್ಚು ಜನರ ಮನಸ್ಸನ್ನು ಹಿಡಿಯಿತು.

ಈ ಜನಾದರವನ್ನು ಕಂಡು, ನ್ಯೂಯಾರ್ಕಿನ ಮೆಗೋ ಎಂಬ ಆಟದ ಸಾಮಾನಿನ ಸಂಸ್ಥೆಯವರು 1974ರಲ್ಲಿ ಎಂಟಂಗುಲದ ಗೊಂಬೆಗಳನ್ನು ಮಾಡಿ ಮಾರಿದರು. ಕೈಕಾಲುಗಳನ್ನು ಮಡಿಸಬಹುದಾದ, ಬಟ್ಟೆಯ ಉಡುಪನ್ನು ತೊಟ್ಟ, ಅಂದವಾದ ಗೊಂಬೆಗಳವು. ಕರ್ಕ್, ಸ್ಪಾಕ್, ಮೆಕಾಯ್, ಸ್ಕಾಟಿ, ಉಹುರಾ ಎಂಬ ಐವರು, ಜೊತೆಗೆ ಕ್ಲಿಂಗಾನ್ ಎಂಬ ಶತ್ರುಜಾತಿಯ ಒಬ್ಬನು. ಮುಂದಿನ ಒಂದೆರಡು ವರ್ಷಗಳಲ್ಲಿ ಅನ್ಯಲೋಕದ ಎಂಟು ಪ್ರಾಣಿಗಳನ್ನು ಸೇರಿಸಿದರು. ಒಟ್ಟು ಹದಿನಾಲ್ಕು. ಈ ಹದಿನಾಲ್ಕರಲ್ಲಿ ಸುಲುವೂ ಇಲ್ಲ, ಚೆಕೋವನೂ ಇಲ್ಲ!

ವಾಚಕರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿರಿ. ಮೆಗೋ ಸಂಸ್ಥೆಯವರು ಗೊಂಬೆಗಳನ್ನಿಡುವುದಕ್ಕಾಗಿ ಎಂಟರ್‌ಪ್ರೈಸ್ ನೌಕೆಯ ಒಳಮನೆಯನ್ನೂ ಆಟಿಕೆಯಾಗಿ ಮಾಡಿ ಮಾರಿದರು. ಅದರಲ್ಲಿ ನಾಯಕನಿಗೊಂದು ಕುರ್ಚಿ; ಅದರ ಮುಂದೆ ನೌಕೆಯನ್ನು ನಡೆಸುವ ಮಣೆ; ಆ ಮಣೆಯ ಬಳಿ ಇಡಲು ಎರಡು ಪೀಠಗಳು. ಪೀಠಗಳನ್ನು ಕೊಟ್ಟರು, ಪೀಠಸ್ಥರನ್ನು ಕೊಡಲಿಲ್ಲ. ಆ ಮನೆಯನ್ನು ಕೊಂಡು ತಂದ ಮಗುವು ಪ್ರತಿದಿನವೂ ಕಂಡುದು ಎರಡು ಬರಿಯ ಪೀಠಗಳನ್ನು. ನೌಕೆಯು ನಡೆಯಬೇಕಾದರೆ ವೈದ್ಯನನ್ನೋ, ಶತ್ರುವಾದ ಕ್ಲಿಂಗಾನನನ್ನೋ ತಂದು ಅಲ್ಲಿ ಕೂರಿಸಬೇಕಾಯಿತು. ನಮ್ಮ ಮನೆಗಳಲ್ಲಿ ದಸರೆಯ ಗೊಂಬೆಗಳನ್ನು ಕೂರಿಸುವಾಗ, ಗೀತೋಪದೇಶದ ರಥವನ್ನಿಟ್ಟು, ಅರ್ಜುನನನ್ನು ನಿಲ್ಲಿಸಿ, ಕುದುರೆಗಳನ್ನು ಕಟ್ಟಿ, ಸಾರಥಿಯ ಸ್ಥಾನವನ್ನು ಬರಿದಾಗಿ ಬಿಟ್ಟರೆ ಯಾವ ಗೃಹಿಣಿಯು ಸುಮ್ಮನಿರುವಳು? ಸಾರಥಿಯ ಬೆಲೆಯು ಮಹಾಭಾರತವನ್ನು ಕೇಳಿದವರಿಗೆ ಗೊತ್ತು. ಶಲ್ಯನು ತನ್ನ ರಥವನ್ನು ನಡೆಸಬೇಕೆಂದು ಕರ್ಣನು ಪಟ್ಟು ಹಿಡಿದುದೇಕೆ? ರಥಿಕನ ಅರ್ಧ ಶೌರ್ಯವು ಸಾರಥಿಯ ಕೈಯಲ್ಲಿರುವುದೆಂದು ಬಲ್ಲವನಾದುದರಿಂದಲೇ.

ಇನ್ನು ಆಕ್ಷೇಪಗಳಿಗೆ ಬರುವೆನು.

ಮೊದಲನೆಯ ಆಕ್ಷೇಪವು ವ್ಯಾಪಾರದ್ದು. "ವರ್ತಕನು ಲಾಭನಷ್ಟಗಳನ್ನು ನೋಡಿ ಮಾಡುವನು, ಮುಖ್ಯಪಾತ್ರಗಳನ್ನು ಮಾಡಿ ಗೌಣಪಾತ್ರಗಳನ್ನು ಬಿಟ್ಟನು, ಇದರಲ್ಲಿ ಅಪರಾಧವೇನು?" ಎಂದು ಕೇಳಬಹುದು. ಉತ್ತರವನ್ನು ಮೆಗೋ ಗೊಂಬೆಗಳೇ ಕೊಡುತ್ತವೆ. ಆ ಸಂಸ್ಥೆಯ ಜಾಣತನವೆಲ್ಲವೂ ಒಂದೇ ಉಪಾಯದಲ್ಲಿದ್ದಿತು: ಒಂದೇ ಅಚ್ಚಿನ ದೇಹವನ್ನು ಸಾವಿರಾರು ಎರಕ ಹೊಯ್ದು, ಬೇರೆ ಬೇರೆ ತಲೆಗಳನ್ನೂ ಉಡುಪುಗಳನ್ನೂ ಜೋಡಿಸಿ ಬೇರೆ ಬೇರೆ ಪಾತ್ರಗಳನ್ನಾಗಿ ಮಾರುವುದು. ಸುಲು ಮತ್ತು ಚೆಕೋವರು ತೊಡುವ ಹೊಂಬಣ್ಣದ ಅಂಗಿಯು ನಾಯಕನಾದ ಕರ್ಕನ ಅಂಗಿಯ ಬಣ್ಣದ್ದೇ. ದೇಹವು ಸಿದ್ಧ, ಅಂಗಿಯು ಸಿದ್ಧ, ಪೀಠವೂ ಸಿದ್ಧ. ಬೇಕಾಗಿದ್ದುದು ಎರಡು ತಲೆಗಳು ಮಾತ್ರ. ಆ ಎರಡು ತಲೆಗಳಿಗೆ ಹಣವಿರಲಿಲ್ಲವೇ? ಇದ್ದಿತು, ಏಕೆಂದರೆ ಅದೇ ಸಂಸ್ಥೆಯವರು ಅದೇ ಸಾಲಿನಲ್ಲಿ 'ನೆಪ್ಚೂನಿಯನ್' ಎಂಬ ಹೆಸರಿನ, ಜಾಲಪಾದದ ಹಸುರು ಪ್ರಾಣಿಯೊಂದನ್ನು ಮಾಡಿದರು. ಈ ಪ್ರಾಣಿಯು 79 ಕಥೆಗಳಲ್ಲಿ ಯಾವ ಕಥೆಯಲ್ಲಿ ಬರುವುದೆಂದು ಕೇಳುವಿರೋ? ಯಾವುದರಲ್ಲಿಯೂ ಇಲ್ಲ! ಕಥೆಯಲ್ಲಿಯೇ ಇಲ್ಲದ ಜಂತುವನ್ನು ಕಲ್ಪಿಸಿ, ಅದಕ್ಕೆ ಹೊಸ ಉಡುಪು ಹೊಲಿದು ಅಂಗಡಿಗೆ ಕಳುಹಿಸಲು ಹಣವಿದ್ದವರಿಗೆ, ವಾರವಾರವೂ ಜನರು ಕಂಡ ಕರ್ಣಧಾರನಿಗೆ ಒಂದು ತಲೆಯನ್ನು ಮಾಡಲು ಹಣವಿರಲಿಲ್ಲವೆಂಬುದನ್ನು ನಾನು ಒಪ್ಪಲಾರೆನು. ಎರಡನೆಯ ವರ್ಷದ ಹಲವು ಕಥೆಗಳಲ್ಲಿ ಸುಲುವಿನ ಪಾತ್ರಧಾರಿಯು ಬೇರೊಂದು ಚಲನಚಿತ್ರದ ಕೆಲಸದಿಂದಾಗಿ ಕಾಣಿಸಿಕೊಳ್ಳಲಿಲ್ಲವೆಂದು ಯಾರಾದರೂ ವಾದಿಸಿದರೆ, ನೆಪ್ಚೂನಿಯನನು ಎಷ್ಟು ಕಥೆಗಳಲ್ಲಿ ಕಾಣಿಸಿಕೊಂಡನೆಂದು ಅವರನ್ನೇ ಕೇಳುವೆನು.

ಉಹುರಾಳನ್ನು 1974ರಲ್ಲಿಯೇ ಮಾಡಿದುದಕ್ಕಾಗಿ ಆ ಸಂಸ್ಥೆಯನ್ನು ನಾನು ಹೊಗಳುವೆನು. ಯಾವ ದುರುದ್ದೇಶವನ್ನೂ ಅವರ ತಲೆಗೆ ಕಟ್ಟುವುದಿಲ್ಲ. ಆದರೆ ಉದ್ದೇಶವಿಲ್ಲದೆಯೂ ಅನ್ಯಾಯವು ನಡೆಯುವುದುಂಟು. ಲೋಕದ ಅನ್ಯಾಯಗಳಲ್ಲಿ ಹೆಚ್ಚಿನವು ಮರೆವಿನಿಂದಲೇ ನಡೆಯತಕ್ಕವು.

ಈ ಮರೆವು ಒಂದು ಬಾರಿಯದಾಗಿದ್ದರೆ ಕ್ಷಮಿಸಬಹುದಾಗಿತ್ತು. 1979ರ ಕೊನೆಯಲ್ಲಿ ಸ್ಟಾರ್ ಟ್ರೆಕ್ ಕಥೆಯ ಮೊದಲನೆಯ ಚಲನಚಿತ್ರವು ಬಂದಿತು. ಮೆಗೋ ಸಂಸ್ಥೆಯವರು ಮತ್ತೆ ಗೊಂಬೆಗಳನ್ನು ಮಾಡಿದರು. ಹೊಸದಾಗಿ ಬಂದ ಡೆಕರ್ ಮತ್ತು ಇಲಿಯಾ ಎಂಬ ಪಾತ್ರಗಳಿಗೆ ಗೊಂಬೆಗಳುಂಟು. ಸುಲುವಿಗಿಲ್ಲ, ಚೆಕೋವನಿಗಿಲ್ಲ, ಈ ಬಾರಿ ಉಹುರಾಳಿಗೂ ಇಲ್ಲ. 1982ರಲ್ಲಿ ಮೆಗೋ ಸಂಸ್ಥೆಯು ದಿವಾಳಿಯೆಂದು ನ್ಯಾಯಾಲಯಕ್ಕೆ ಹೋಯಿತು. 1984ರಲ್ಲಿ ಅರ್ಟಲ್ ಎಂಬ ಸಂಸ್ಥೆಯವರು ಮೂರನೆಯ ಚಲನಚಿತ್ರಕ್ಕೆ ನಾಲ್ಕು ಗೊಂಬೆಗಳನ್ನು ಮಾಡಿದರು: ಕರ್ಕ್, ಸ್ಪಾಕ್, ಸ್ಕಾಟಿ ಮತ್ತು ಒಬ್ಬ ಶತ್ರು. 1989ರಲ್ಲಿ ಗಲೂಬ್ ಎಂಬ ಸಂಸ್ಥೆಯವರು ಐದನೆಯ ಚಲನಚಿತ್ರಕ್ಕೆ ಐದು ಗೊಂಬೆಗಳನ್ನು ಮಾಡಿದರು: ಕರ್ಕ್, ಸ್ಪಾಕ್, ಮೆಕಾಯ್ ಮತ್ತು ಇಬ್ಬರು ಎದುರಾಳಿಗಳು. ಕರ್ಣಧಾರನ ಪೀಠವು ಇನ್ನೂ ಬರಿದಾಗಿಯೇ ಇದ್ದಿತು. 1991ರ ಆರನೆಯ ಚಲನಚಿತ್ರದಲ್ಲಿ ಕವಿಗಳು ಸುಲುವನ್ನು ಎಕ್ಸೆಲ್ಸಿಯರ್ ಎಂಬ ಬೇರೊಂದು ನೌಕೆಗೆ ನಾಯಕನನ್ನಾಗಿ ಮಾಡಿದರು. ಆಟದಂಗಡಿಯವರಿಗೆ ಎಚ್ಚರವಾದುದು ಅದರ ಮೇಲೆಯೇ! 1993ರಲ್ಲಿ ಪ್ಲೇಮೇಟ್ಸ್ ಎಂಬ ಸಂಸ್ಥೆಯವರು ಏಳು ಮಂದಿಯನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು, ಮೆಗೋ ಗೊಂಬೆಗಳಿಗಿಂತ ಚಿಕ್ಕ ಅಳತೆಯಲ್ಲಿ ಮಾರಿದರು. ನಾಯಕಪದವಿಗೇರಿದ ಮೇಲಲ್ಲದೆ ಸಾರಥಿಗೆ ಗೊಂಬೆಯಿಲ್ಲವೆಂದರೆ ಇದಾವ ನ್ಯಾಯ?

ಸುಲುವಿನ ಪಾತ್ರವನ್ನು ಧರಿಸಿದಾತನು ಯಾರೆಂಬುದನ್ನೂ ಇಲ್ಲಿ ಹೇಳತಕ್ಕದ್ದು. ಆತನು ಜಾರ್ಜ್ ಟಕೈ, 1937ರಲ್ಲಿ ಲಾಸ್ ಏಂಜಲಿಸ್ ನಗರದಲ್ಲಿ ಹುಟ್ಟಿದವನು, ಜಪಾನೀ ವಂಶದವನು. 1942ರಲ್ಲಿ ಯುದ್ಧಕಾಲದ ಶಂಕೆಯಿಂದ ಅಮೆರಿಕಾ ಸರಕಾರವು ಜಪಾನೀ ವಂಶದ ಸುಮಾರು 1,20,000 ಜನರನ್ನು, ಅವರಲ್ಲಿ ಬಹುಪಾಲು ಆ ದೇಶದಲ್ಲಿಯೇ ಹುಟ್ಟಿದ ಪ್ರಜೆಗಳನ್ನು, ಮನೆಮಠ ಬಿಡಿಸಿ ಬಂಧನ ಶಿಬಿರಗಳಿಗೆ ಅಟ್ಟಿತು. ಐದು ವರ್ಷದ ಬಾಲಕನಾದ ಟಕೈ ತಂದೆತಾಯಿಗಳೊಡನೆ ಮೊದಲು ಕುದುರೆಯ ಜೂಜಿನ ಮೈದಾನದ ಲಾಯದಲ್ಲಿಯೂ, ಅನಂತರ ಅರ್ಕನ್ಸಾ ಪ್ರಾಂತದ ರೋವರ್ ಶಿಬಿರದಲ್ಲಿಯೂ, ಆ ಮೇಲೆ ಟ್ಯೂಲಿ ಲೇಕ್ ಶಿಬಿರದಲ್ಲಿಯೂ ಮುಳ್ಳುತಂತಿಯ ಒಳಗೆ ಬಾಲ್ಯವನ್ನು ಕಳೆದನು. 1988ರಲ್ಲಿ ಆ ಸರಕಾರವು ಶಾಸನಮುಖೇನ ಕ್ಷಮೆಯನ್ನು ಯಾಚಿಸಿತು. ಹೀಗೆ ಒಮ್ಮೆ ಹೊರಗಿಡಲ್ಪಟ್ಟವನೇ 1966ರಲ್ಲಿ ದೂರದರ್ಶನದಲ್ಲಿ ಮನುಷ್ಯಕುಲದ ನೌಕೆಯ ಚುಕ್ಕಾಣಿಯನ್ನು ಹಿಡಿದು ಕುಳಿತನು. ಆ ಕಾಲದ ಅಮೆರಿಕಾದ ಕಥೆಗಳಲ್ಲಿ ಏಷ್ಯಾದವನೆಂದರೆ ಅಡಿಗೆಯವನು, ಸೇವಕನು, ಇಲ್ಲವೇ ದುಷ್ಟನು. ಅಂಥದರಲ್ಲಿ ಈತನು ವಿದ್ಯಾವಂತನಾಗಿ, ಧೀರನಾಗಿ, ಸಮಾನನಾಗಿ ಕುಳಿತಿದ್ದನು. ಸುಲು ಎಂಬ ಹೆಸರನ್ನೂ, ಯಾವುದೋ ಒಂದೇ ದೇಶದ್ದಾಗದಿರಲೆಂದು, ಏಷ್ಯಾದ ಒಂದು ಸಮುದ್ರದ ಹೆಸರಿನಿಂದ ತೆಗೆದುಕೊಂಡರಂತೆ. ಕಥೆಯು ಕೊಟ್ಟ ಆಸನವನ್ನು ಗೊಂಬೆಯಂಗಡಿಯು ಕಸಿದುಕೊಂಡಿತು. ಕಥೆಯಲ್ಲಿ ತನ್ನ ಮುಖದಂಥ ಮುಖವನ್ನು ಕಂಡು ಹಿಗ್ಗಿದ ಬಾಲಕನು ಅಂಗಡಿಗೆ ಹೋಗಿ, ಅಲ್ಲಿ ಹಲ್ಲಿಮೋರೆಯ ಪ್ರಾಣಿಗೂ ಸ್ಥಳವುಂಟು, ತನ್ನವನಿಗಿಲ್ಲವೆಂದು ಕಂಡಾಗ, ಅವನಿಗೆ ಯಾರೂ ಹೇಳದೆಯೇ ಒಂದು ಪಾಠವು ತಿಳಿಯುವುದು. ಅಂಥ ಪಾಠಗಳನ್ನು ಮಕ್ಕಳು ಮರೆಯುವುದಿಲ್ಲ. ನಾನು ಮೂವತ್ತೈದು ವರ್ಷ ಪಾಠ ಹೇಳಿದವನು. ಹೇಳದ ಪಾಠವೇ ಅವರ ಮನಸ್ಸಿನಲ್ಲಿ ಆಳವಾಗಿ ನಿಲ್ಲುವುದೆಂದು ಬಲ್ಲೆನು.

ಎರಡನೆಯ ಆಕ್ಷೇಪವು ನಮ್ಮ ಮಿತ್ರರದು: ಇದು ಬಾಲಿಶವೆಂಬುದು. ಮೃಚ್ಛಕಟಿಕವನ್ನು ಓದಿದವರು ಹೀಗೆ ಹೇಳಲಾರರು. ಬಡವನಾದ ಚಾರುದತ್ತನ ಮಗ ರೋಹಸೇನನು ನೆರೆಮನೆಯ ಹುಡುಗನ ಚಿನ್ನದ ಬಂಡಿಯನ್ನು ಕಂಡು, ತನಗೆ ದಾಸಿಯು ಮಾಡಿಕೊಟ್ಟ ಮಣ್ಣಿನ ಬಂಡಿಯು ಬೇಡವೆಂದು ಅಳುತ್ತಾನೆ. ವಸಂತಸೇನೆಯು ನಕ್ಕಳೇ? ಇಲ್ಲ. ತನ್ನ ಆಭರಣಗಳನ್ನು ತೆಗೆದು ಆ ಮಣ್ಣಿನ ಬಂಡಿಯಲ್ಲಿ ತುಂಬಿದಳು. ಆಟಿಕೆಯ ಆಸೆಯಲ್ಲಿ ಮನೆಯ ದಾರಿದ್ರ್ಯವೂ ಮಗುವಿನ ಮಾನವೂ ಅಡಗಿರುವುದನ್ನು ಆಕೆಯು ಕಂಡಳು. ಮಹಾಕವಿಯು ತನ್ನ ನಾಟಕಕ್ಕೆ ಆ ಮಣ್ಣಿನ ಬಂಡಿಯ ಹೆಸರನ್ನೇ ಇಟ್ಟನು. ಆಟಿಕೆಯನ್ನು ನಾಟಕದ ಶಿರೋನಾಮವನ್ನಾಗಿ ಮಾಡಿದವನ ಮುಂದೆ ನಾವು ಯಾವ ಪ್ರೌಢರು?

"ಅದು ಮಗುವಿನ ಮಾತಾಯಿತು, ನಲುವತ್ತು ವರ್ಷದವನಿಗೇನು?" ಎಂದರೆ, ಭವಭೂತಿಯನ್ನು ಕೇಳಿರಿ. ಸೀತೆಯನ್ನು ಕಾಡಿಗೆ ಕಳುಹಿಸಿದ ಮೇಲೆ ಶ್ರೀರಾಮನು ಅಶ್ವಮೇಧವನ್ನು ಮಾಡಿದಾಗ, ಧರ್ಮಪತ್ನಿಯ ಸ್ಥಾನದಲ್ಲಿ ಸೀತೆಯ ಚಿನ್ನದ ಪ್ರತಿಮೆಯನ್ನು ಇರಿಸಿದನು. ಬೇರೆ ಯಾರನ್ನೂ ಅಲ್ಲಿ ಕೂರಿಸಲಿಲ್ಲ; ಬರಿದಾಗಿಯೂ ಬಿಡಲಿಲ್ಲ. ದೇವಕಥೆಯನ್ನು ಆಟಿಕೆಗೆ ಸಮಾನ ಮಾಡುತ್ತಿದ್ದೇನೆಂದು ಯಾರೂ ಮುನಿಯಬಾರದು. ಸ್ಥಾನವು ಯಾರದೋ ಅವರ ಪ್ರತಿಮೆಯೇ ಅಲ್ಲಿರಬೇಕೆಂಬ ಮನೋಧರ್ಮವು ರಾಜರ್ಷಿಗಳಲ್ಲಿಯೂ ಇದ್ದಿತೆಂದಷ್ಟೇ ನನ್ನ ತಾತ್ಪರ್ಯ. ಪರಿವಾರವು ಪೂರ್ಣವಾಗಲೆಂಬ ಹಾರೈಕೆಗೆ ವಯಸ್ಸಿಲ್ಲ.

ಆ ಹಾರೈಕೆಯು ಕೈಕಟ್ಟಿ ಕುಳಿತಿರಲಿಲ್ಲವೆಂಬುದನ್ನೂ ತಿಳಿಯಿರಿ. ಸಂಗ್ರಾಹಕರಲ್ಲಿ ಕೈಗೆಲಸ ಬಲ್ಲವರು ತಾವೇ ಸುಲುವಿನ ತಲೆಯನ್ನು ಕಡೆದು, ಅಚ್ಚು ತೆಗೆದು, ರಾಳದಲ್ಲಿ ಎರಕ ಹೊಯ್ದು, ಬಣ್ಣ ಹಚ್ಚಿ, ಹಳೆಯ ದೇಹಗಳಿಗೆ ಜೋಡಿಸಿ, ಬರಿದಾದ ಪೀಠದ ಮೇಲೆ ಕೂರಿಸಿದರು. 2007ರಿಂದ ಈಚೆಗೆ, ಮೆಗೋ ಗೊಂಬೆಗಳ ಪ್ರೇಮಿಗಳೇ ಕಟ್ಟಿದ ಎಮ್‌ಸಿ ಎಂಬ ಸಂಸ್ಥೆಯು ಡೈಮಂಡ್ ಸೆಲೆಕ್ಟ್ ಸಂಸ್ಥೆಯೊಡನೆ ಸೇರಿ, ಹಳೆಯ ಎಂಟಂಗುಲದ ಗೊಂಬೆಗಳನ್ನು ಅದೇ ರೀತಿಯಲ್ಲಿ ಮತ್ತೆ ಮಾಡತೊಡಗಿತು. ಆ ಸಾಲಿನಲ್ಲಿ ಸುಲುವೂ ಚೆಕೋವನೂ ಬಂದರು. 1974ರಲ್ಲಿ ಎಂಟು ವರ್ಷದವನಾಗಿದ್ದ ಬಾಲಕನು ಅಷ್ಟು ಹೊತ್ತಿಗೆ ನಲುವತ್ತನ್ನು ದಾಟಿದ್ದನು. ವರ್ತಕನು ಮಾಡದುದನ್ನು ಹಾರೈಸಿದವರೇ ಮಾಡಿದರು. ಇದಕ್ಕೆ ನಗುವುದೋ, ಕೈಮುಗಿಯುವುದೋ? ಮೂಲದ ಮೆಗೋ ಹೆಸರೂ 2018ರಲ್ಲಿ ಪುನಃ ಅಂಗಡಿಗಳಿಗೆ ಬಂದಿತೆಂದು ಶಿಷ್ಯನು ಹೇಳಿದನು.

ಮೂರನೆಯ ಆಕ್ಷೇಪವೊಂದುಂಟು, ಅದರಲ್ಲಿ ಸತ್ಯಾಂಶವಿರುವುದರಿಂದ ಒಪ್ಪಿಕೊಳ್ಳುವೆನು. ಸಂಗ್ರಾಹಕರಲ್ಲಿ ಕೆಲವರು ಗೊಂಬೆಯನ್ನು ಕೊಂಡು ಅದರ ಹೊದಿಕೆಯನ್ನೇ ಬಿಚ್ಚದೆ, ಬೆಲೆಯು ಏರಲೆಂದು ಕತ್ತಲೆಯಲ್ಲಿ ಇಡುವರು. ಬಿಚ್ಚಿದ ಗೊಂಬೆಗೆ ಒಂದು ಬೆಲೆ, ಬಿಚ್ಚದುದಕ್ಕೆ ಅದರ ಹಲವು ಪಟ್ಟು. ಇದನ್ನು ಕಂಡ ವರ್ತಕರು ಈಗ ಜನರ ಹಾರೈಕೆಯನ್ನೇ ಬೆಳೆಯನ್ನಾಗಿ ಮಾಡಿಕೊಂಡು, ಬೇಕೆಂದೇ ಕಡಿಮೆ ಸಂಖ್ಯೆಯಲ್ಲಿ ಮಾಡಿ, ಇನ್ನೂ ಮಾಡದುದಕ್ಕೆ ಮುಂಗಡ ಹಣವನ್ನು ತೆಗೆದುಕೊಳ್ಳುವರು. ಇವರನ್ನು ನಾನು ಸಮರ್ಥಿಸುವುದಿಲ್ಲ. ಪೀಠವು ಬರಿದಾಗಿದೆಯೆಂದು ಮೂವತ್ತು ವರ್ಷ ಮರುಗಿ, ಗೊಂಬೆಯು ಬಂದ ಮೇಲೆ ಅದನ್ನು ಪೀಠದ ಮೇಲೆ ಕೂರಿಸದೆ ಕಾಗದದ ಸೆರೆಯಲ್ಲಿ ಇಡುವುದೇ? ಸೆರೆಯಲ್ಲಿ ಬೆಳೆದವನ ಗೊಂಬೆಯನ್ನು ಮತ್ತೆ ಸೆರೆಗೆ ಹಾಕುವುದೇ? ಹಾಗೆ ಮಾಡುವವನು ಸಂಗ್ರಾಹಕನಲ್ಲ, ಬಡ್ಡಿಗೆ ಕೊಡುವವನು. ಆದರೆ ಲೋಭಿಗಳಿರುವರೆಂದು ಪ್ರೇಮಿಗಳನ್ನು ಹಳಿಯುವುದು, ಕಳ್ಳರು ಒಡವೆ ಕದಿಯುವರೆಂದು ಮದುಮಗಳನ್ನು ಬೈದಂತೆ.

ಕೊನೆಯದಾಗಿ, ನನಗೆ ಆ ರಾತ್ರಿ ನಿದ್ರೆ ಬಾರದುದೇಕೆಂಬುದನ್ನು ಹೇಳಿ ಮುಗಿಸುವೆನು. ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ಪ್ರತಿವರ್ಷವೂ ಮಾರ್ಚಿ ತಿಂಗಳಲ್ಲಿ ಗುಂಪಿನ ಭಾವಚಿತ್ರವನ್ನು ತೆಗೆಸುವ ಪದ್ಧತಿಯಿದ್ದಿತು. ನಡುವೆ ಮುಖ್ಯೋಪಾಧ್ಯಾಯರು, ಎರಡು ಪಕ್ಕಗಳಲ್ಲಿ ಉಪಾಧ್ಯಾಯರು, ಹಿಂದೆ ಮುಂದೆ ವಿದ್ಯಾರ್ಥಿಗಳು. ಕುರ್ಚಿಗಳನ್ನು ಹೊತ್ತು ತಂದು ಸಾಲಾಗಿ ಇಡುತ್ತಿದ್ದವನು ನಮ್ಮ ಜವಾನ. ಇಪ್ಪತ್ತೇಳು ವರ್ಷ ಶಾಲೆಯ ಗಂಟೆಯನ್ನು ಒಂದು ದಿನವೂ ತಪ್ಪದೆ ಬಾರಿಸಿದವನು ಅವನು. ಶಾಲೆಯೆಂಬ ರಥವು ನಡೆದುದು ಅವನ ಗಂಟೆಯಿಂದ, ನಮ್ಮ ಪಾಂಡಿತ್ಯದಿಂದಲ್ಲ. ಕುರ್ಚಿಗಳನ್ನಿಟ್ಟು ಅವನು ಪಕ್ಕಕ್ಕೆ ಸರಿಯುವನು; ಚಿತ್ರವಾದ ಮೇಲೆ ಬಂದು ಅವನ್ನು ಹೊತ್ತುಕೊಂಡು ಹೋಗುವನು. ಅವನನ್ನು ಬಿಡಬೇಕೆಂದು ಯಾರೂ ತೀರ್ಮಾನಿಸಿರಲಿಲ್ಲ. ಕರೆಯಬೇಕೆಂದು ಯಾರಿಗೂ ತೋರಲಿಲ್ಲ. ನನಗೂ ತೋರಲಿಲ್ಲ, ಕೊನೆಯ ಐದು ವರ್ಷ ನಡುವಿನ ಕುರ್ಚಿಯಲ್ಲಿ ಕುಳಿತವನು ನಾನೇ.

ಅವನು ತೀರಿಕೊಂಡ ಮೇಲೆ ಅವನ ಮಗನು ನನ್ನ ಮನೆಗೆ ಬಂದು, "ಅಪ್ಪನದೊಂದು ಫೋಟೋ ನಿಮ್ಮ ಹತ್ತಿರ ಇದೆಯೇ ಮೇಷ್ಟ್ರೇ? ತಿಥಿಗೆ ಇಡುವುದಕ್ಕೆ ಬೇಕಾಗಿತ್ತು" ಎಂದು ಕೇಳಿದನು. ನನ್ನಲ್ಲಿದ್ದ ಹದಿನಾರು ವರ್ಷಗಳ ಚಿತ್ರಗಳನ್ನೂ ಹರಡಿಕೊಂಡು ಇಬ್ಬರೂ ಹುಡುಕಿದೆವು. ಒಂದು ಚಿತ್ರದ ಅಂಚಿನಲ್ಲಿ, ಕಂಬದ ಮರೆಯಿಂದ, ಖಾಕಿ ತೋಳೊಂದು ಮಾತ್ರ ಕಾಣುತ್ತಿದ್ದಿತು. ಮಗನು ಅದನ್ನು ಬಹಳ ಹೊತ್ತು ನೋಡಿ, "ಇದು ಅಪ್ಪನ ಕೈಯೇ" ಎಂದು ಹೇಳಿ, ಆ ಚಿತ್ರವನ್ನು ಕೇಳಿ ತೆಗೆದುಕೊಂಡು ಹೋದನು.

ವಾಚನಾಲಯದ ಮಿತ್ರರೇ, ಆ ಮಗನನ್ನು ಕಂಡು ನೀವು ನಗುತ್ತಿದ್ದಿರೇ? ನಗಲಾರಿರೆಂದು ನಾನು ಬಲ್ಲೆನು. ಹಾಗಿದ್ದರೆ ಕಡಲಾಚೆಯ ಆ ಗೃಹಸ್ಥರನ್ನು ಕಂಡೂ ನಗಬೇಡಿರಿ. ಅವನ ದುಃಖವು ದೊಡ್ಡದು, ಇವರದು ಚಿಕ್ಕದು. ಆದರೆ ಎರಡರ ಜಾತಿಯೂ ಒಂದೇ. ಕುಳಿತಿದ್ದವನನ್ನು ಕುಳಿತಿದ್ದನೆಂದು ತೋರಿಸಿರಿ ಎಂಬುದಷ್ಟೇ ಇಬ್ಬರ ಬೇಡಿಕೆಯೂ. ಅವರ ಪೀಠವು ಕಡೆಗೂ ತುಂಬಿತು. ನಮ್ಮ ಶಾಲೆಯ ಚಿತ್ರದಲ್ಲಿ ಆ ಸ್ಥಳವು ಬರಿದಾಗಿಯೇ ಉಳಿಯಿತು. ಅದನ್ನು ತುಂಬಬಲ್ಲ ಶಿಲ್ಪಿಯು ಈಗ ಎಲ್ಲಿಯೂ ಇಲ್ಲ.